ಸುಗ್ಗಿ ಹಬ್ಬದ ಹುಂಜ

ಮಹಾದೇವಪ್ಪನ ಹಟ ಒಂದೇ: ಸಭೆ ತನ್ನ ಹೆಸರು ಹಿಡಿದು ಪ್ರಾರ್ಥಿಸುವವರೆಗೆ ಆಪರೇಷನ್ ಕಾಗದಕ್ಕೆ ಸಹಿ ಇಲ್ಲ. ಮುಂಬೈ ಹತ್ತಿರದ ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ತಗಡಿನ ಕಟ್ಟು ಜಾರಿ ಅವನ ಬಲಗಾಲಿನ ಮೂರು ಬೆರಳು ಜಜ್ಜಿ ಐದು ದಿನವಾಗಿತ್ತು. ಬೆರಳು ಕಪ್ಪಾಗುತ್ತಿದ್ದವು. ಸೋಮವಾರ ಬೆಳಿಗ್ಗೆ ತೆಗೆಯದಿದ್ದರೆ ಪಾದವೂ ಹೋದೀತೆಂದು ಡಾಕ್ಟರು ಎರಡು ಸಲ ಹೇಳಿದ್ದರು.

“ನಾಳೆ ಐತಾರ. ಸಭಾದಾಗ ಕೈ ಎತ್ತಿ ಕೇಳು,” ಎಂದು ಹೆಂಡತಿ ದಾನಮ್ಮನಿಗೆ ಹೇಳಿ ಆಸ್ಪತ್ರೆಯ ಮಂಚದಲ್ಲಿ ಗೋಡೆಯ ಕಡೆ ಮುಖ ತಿರುಗಿಸಿದ.

ಅವರ ಕ್ರೈಸ್ತ ಸಭೆಯ ರೂಢಿ ಅದು. ಪ್ರಸಂಗ ಮುಗಿದ ಮೇಲೆ ಕಷ್ಟವಿದ್ದವರು ಕೈ ಎತ್ತುತ್ತಾರೆ, ಪಾಸ್ಟರ್ ಅಯ್ಯನವರು ಹೆಸರು ಕೇಳುತ್ತಾರೆ, ಎಲ್ಲರೂ ಮೊಣಕಾಲೂರುತ್ತಾರೆ. ಬೀದರ, ಕಲಬುರಗಿ ಕಡೆಯಿಂದ ದುಡಿಯಲು ಬಂದ ನಲವತ್ತು ಮನೆಗಳು. ಸ್ವಂತ ಚರ್ಚಿಲ್ಲ. ಡೊಂಬಿವಲಿಯ ಎಂಐಡಿಸಿ ಕಾರ್ಖಾನೆಗಳ ಹಿಂದಿನ ಶಾಲೆಯೊಂದರ ಹಾಲ್ ಭಾನುವಾರ ಒಂದು ಗಂಟೆಯವರೆಗೆ ಅವರದು.

ಆದರೆ 2009ರ ಆ ಭಾನುವಾರ ಸುಗ್ಗಿ ಹಬ್ಬ. ಹೊಲವಿಲ್ಲದ ಕಡೆ ಸುಗ್ಗಿಯೆಂದರೆ ಪೇಟೆಯ ಕುಂಬಳಕಾಯಿ, ಕಾಲು ಕಟ್ಟಿ ತಂದ ಹುಂಜ, ದಾನಮ್ಮ ದಿವಾ ಸ್ಟೇಷನ್ ಬಳಿಯ ತನ್ನ ಖೋಲಿಯಲ್ಲಿ ನಸುಕಿಗೇ ಎದ್ದು ಬಡಿದ ಇಪ್ಪತ್ತು ಜೋಳದ ರೊಟ್ಟಿ. ದೇವರಿಗೆ ಕೊಟ್ಟದ್ದನ್ನು ಸಭೆಯ ಖರ್ಚಿಗಾಗಿ ಹರಾಜು ಹಾಕುವುದು ಹಳೆಯ ಪದ್ಧತಿಯೇ. ಮೊದಲೆಲ್ಲ ಅದು ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ನಗುನಗುತ್ತ ಹತ್ತು ನಿಮಿಷದ ಕೆಲಸ. ಸ್ವಂತ ಚರ್ಚು ಕಟ್ಟುವ ಮಾತು ಹುಟ್ಟಿದಂದಿನಿಂದ ಹರಾಜು ಶಿಲುಬೆಯ ಮೇಜಿನ ಮುಂದಕ್ಕೆ ಬಂದಿತ್ತು. ಹೆಚ್ಚು ಕೂಗುವ ಕಾಂಟ್ರಾಕ್ಟರುಗಳಿಗೆ ಮೊದಲ ಸಾಲಿನ ಕುರ್ಚಿಯೂ ಸಿಕ್ಕಿತ್ತು.

ರಿಕ್ಷಾ ಓಡಿಸುವ ಸುನಿಲ ಹುಂಜವನ್ನು ಎತ್ತಿ ಹಿಡಿದಿದ್ದ. “ಯೇಸು ಯಾರೋ ಗೊತ್ತಿಲ್ಲ ಅಂದ ಪೇತ್ರಗ ಕೂಗಿ ಅಳಿಸಿದ ಹುಂಜದ ವಂಶ ನೋಡ್ರಿ ಇದು. ಏಳುನೂರು, ಒಂದ ಸರ್ತಿ...”

ಹನ್ನೆರಡೂ ಮುಕ್ಕಾಲು. ಪ್ರಾರ್ಥನೆಯ ಸುದ್ದಿಯೇ ಇಲ್ಲ. ದಾನಮ್ಮ ಕೈ ಎತ್ತಿದಳು.

“ದಾನಮ್ಮಕ್ಕ ಎಂಟುನೂರು,” ಎಂದ ಸುನಿಲ.

ಹಾಲ್ ನಕ್ಕಿತು. ಪಕ್ಕದಲ್ಲಿದ್ದ ನೆರೆಮನೆಯ ಚಂದ್ರಬಾಯಿ, “ಯವ್ವಾ, ಗಂಡ ದವಾಖಾನ್ಯಾಗ, ನಿನಗ ಕೋಳಿ ಸಾರಿನ ಚಿಂತಿ?” ಎಂದು ಮೊಣಕೈಯಿಂದ ತಿವಿದಳು.

“ನಾ ಕೋಳಿಗಿ ಎತ್ತಿಲ್ಲ. ಪ್ರಾರ್ಥನಿಗಿ ಎತ್ತೀನಿ. ನಾಳೆ ನಮ್ಮವರದು ಆಪರೇಷನ್ ಅದ.”

ಅಯ್ಯನವರು ಗಡಿಯಾರ ನೋಡಿದರು. “ಹರಾಜ ಮುಗೀಲಿ ದಾನಮ್ಮ. ಟೈಮ್ ಉಳದ್ರ ಮಾಡೋಣ. ಇಲ್ಲಂದ್ರ ಮುಂದಿನ ವಾರ.”

“ಮುಂದಿನ ವಾರದ ತನಕ ಕಾಲು ಉಳಿಯಂಗಿಲ್ರಿ,” ಎಂದವಳು ಅಲ್ಲೇ, ಕುರ್ಚಿಗಳ ಸಂದಿಯಲ್ಲಿ ಮೊಣಕಾಲೂರಿದಳು. ಸಭೆಯಲ್ಲಿ ಅವಳು ಹಿಂದೆಂದೂ ಬಾಯಿ ಬಿಟ್ಟು ಪ್ರಾರ್ಥಿಸಿದವಳಲ್ಲ. “ತಂದಿ, ಮಹಾದೇವಪ್ಪನ ಬೆರಳ ಹೋದ್ರ ಹೋಗ್ಲಿ, ಪಾದ ಉಳಸು. ಡಾಕ್ಟರಿಗಿ ಇವತ್ತ ಚಲೋ ನಿದ್ದಿ ಕೊಡು. ನನಗ ಬ್ಯಾರೆ ಏನೂ ಕೇಳಾಕ ಬರಂಗಿಲ್ಲ.”

ಮೊದಲ ಸಾಲಿನಲ್ಲಿ ಒಂದು ಫೋನ್ ಬಡಿದುಕೊಂಡು ನಿಂತಿತು. ಪಕ್ಕದಲ್ಲಿ ಚಂದ್ರಬಾಯಿಯ ಬಳೆ ನೆಲಕ್ಕೆ ತಾಗಿದ ಸದ್ದು. ಆಮೇಲೆ ಹಿಂದೆ, ಒಂದೊಂದಾಗಿ ಕುರ್ಚಿ ಸರಿದವು. ಅಯ್ಯನವರು ಏನು ಮಾಡಿದರೆಂದು ಕಣ್ಣು ಮುಚ್ಚಿದ್ದ ಅವಳಿಗೆ ಗೊತ್ತಾಗಲಿಲ್ಲ. ಮೊದಲ ಆಮೆನ್ ಸುನಿಲನದು. ಕಣ್ಣು ತೆರೆದಾಗ ಅವನು ಹುಂಜವನ್ನು ಕಂಕುಳಲ್ಲಿ ಅವುಚಿಕೊಂಡು ತಲೆ ತಗ್ಗಿಸಿ ನಿಂತಿದ್ದ.

ಒಂದು ಗಂಟೆಗೆ ವಾಚ್‌ಮನ್ ಬೀಗ ಅಲ್ಲಾಡಿಸಿದ. ಅರ್ಧ ಸಾಮಾನು ಹರಾಜಾಗದೆ ಉಳಿದಿತ್ತು. ದಾನಮ್ಮ ತನ್ನ ರೊಟ್ಟಿಯ ಗಂಟು ಎತ್ತಿಕೊಂಡು ಗೇಟಿನ ಬಳಿ ಸಿಕ್ಕವರಿಗೆಲ್ಲ ಹಂಚಿ, ನಾಲ್ಕು ಉಳಿಸಿಕೊಂಡಳು.

ಆಸ್ಪತ್ರೆಯಲ್ಲಿ ಮಹಾದೇವಪ್ಪ ಎದ್ದು ಕೂತಿದ್ದ. “ಅಯ್ಯನವರು ಮಾಡಿದ್ರೇನು?”

ಹೌದೆನ್ನಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು. “ಇಲ್ಲ. ಹರಾಜಿನ ನಡುವ ನಾನ ಮಾಡ್ದೆ. ಸುನಿಲ ಹುಂಜ ಹಿಡ್ಕೊಂಡ ಆಮೆನ್ ಅಂದ. ಆಮ್ಯಾಲ ಎಲ್ಲರೂ ಅಂದ್ರು.”

ಅವನು ರೊಟ್ಟಿಯ ಗಂಟನ್ನು ಹತ್ತಿರಕ್ಕೆ ಎಳೆದುಕೊಂಡ. “ಹುಂಜ ಕೂಗಲಿಲ್ಲೇನು?”

“ಇಲ್ಲ. ಸುಮ್ಮನಿತ್ತು.”

“ಕಾಗದ ತರಾಕ ಹೇಳು,” ಎಂದ ಮಹಾದೇವಪ್ಪ. ಒಂದು ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡ.