ಒಡೆಯರ ಕಂಠಹಾರ

ಇಂಗ್ಲೆಂಡಿನ ಶ್ರಾಪ್‌ಶೈರಿನ ಒಂದು ಹುಲ್ಲುಗಾವಲಿನಲ್ಲಿ ಪ್ರತಿ ಬೇಸಿಗೆ ನಾವು ಹಳೆಯ ಕಾಲದ ಸೈನಿಕರಾಗುತ್ತೇವೆ. ಡೇರೆ ಹಾಕಿ, ಕಬ್ಬಿಣದ ಟೋಪಿ ತೊಟ್ಟು, ಟಿಕೆಟ್ ಕೊಂಡು ಬಂದವರೆದುರು ಐನೂರು ವರ್ಷ ಹಿಂದಿನ ಯುದ್ಧವೊಂದನ್ನು ಮತ್ತೆ ಸೋಲುತ್ತೇವೆ. ನಮ್ಮ ಒಡೆಯರು ಆಂಬ್ರೋಸ್ ಥ್ಯಾಕ್ರೆ. ಊರಲ್ಲಿ ಬಸ್ ಓಡಿಸುತ್ತಿದ್ದವರು. ಇಲ್ಲಿ ಅವರ ಹೆಗಲ ಮೇಲೆ, ರಾಜರು ನಂಬಿಕೆಯ ಒಡೆಯನಿಗೆ ಕೊಡುವಂಥ, ಬೆಳ್ಳಿಯ ಸೂರ್ಯ, ಬಿಳಿ ಗುಲಾಬಿಗಳ ಕಂಠಹಾರ. ಅದರ ರೀತಿನೀತಿಯೆಲ್ಲ ನಮಗೆ ಕಲಿಸಿದವರು ಅವರೇ. ಬದುಕಿರುವ ಒಡೆಯನ ಕೊರಳಿಂದ ಇನ್ನೊಬ್ಬರು ಹಾರ ತೆಗೆಯುವುದು ಅವನು ದ್ರೋಹಿಯಾದಾಗ ಮಾತ್ರ, ತಲೆ ಕಡಿಯುವ ಮುಂಚೆ, ಎನ್ನುತ್ತಿದ್ದರು.

ಈಚೆಗೆ ಅವರಿಗೆ ಮರೆವು. ಮನೆಯಲ್ಲಿ ಬಚ್ಚಲು ಎಲ್ಲಿ ಎಂದು ಹುಡುಕುತ್ತಾರೆ, ಹೆಂಡತಿ ಗ್ವೆಂಡಾರನ್ನೇ ಯಾರಮ್ಮ ನೀನು ಎಂದು ಕೇಳುತ್ತಾರೆ. ಮನೇಲೂ ನಾನು ಅಡುಗೆಯವಳೇ, ಇಲ್ಲೂ ಅಡುಗೆಯವಳೇ, ಅದನ್ನಾದರೂ ನೆನಪಿಟ್ಟುಕೊಂಡಿದ್ದಾನೆ ಎಂದು ಗ್ವೆಂಡಾ ನಗುತ್ತಾರೆ. ಹಾರ ಹಾಕಿದರೆ ಮಾತ್ರ ಆಂಬ್ರೋಸರ ಬೆನ್ನು ನೆಟ್ಟಗಾಗುತ್ತದೆ, ನಮ್ಮ ಹೆಸರುಗಳೆಲ್ಲ ಬಾಯಿಗೆ ಬರುತ್ತವೆ.

ಆದರೆ ಹೋದ ಬೇಸಿಗೆ ಓಡುವ ಕುದುರೆಗಳ ನಡುವೆ ನುಗ್ಗಿಬಿಟ್ಟರು. ಇನ್ನು ನಮ್ಮ ಗುಂಪಿನ ರೋಲಂಡ್ ಒಡೆಯನಾಗಲಿ ಎಂದು ಎಲ್ಲರೂ ಒಪ್ಪಿದೆವು. ಗ್ವೆಂಡಾ ಕೇಳಿಕೊಂಡದ್ದು ಒಂದೇ, ಮರ್ಯಾದೆಯಿಂದ ಕಳಿಸಿಕೊಡಿ, ಅವನ ಮನಸ್ಸಿಗೆ ನೋವಾಗಬಾರದು.

ಅದಕ್ಕೇ ಈ ಬೇಸಿಗೆ ಎಲ್ಲರೆದುರು ಸಮಾರಂಭ ಇಟ್ಟೆವು. ನಗಾರಿ ಮೊಳಗಿತು. ರೋಲಂಡ್ ಎರಡೂ ಕೈಯಿಂದ, ಬಲು ಗೌರವದಿಂದ, ಹಾರವನ್ನು ಅವರ ತಲೆಯ ಮೇಲಿಂದ ಎತ್ತಿದ. ಆಂಬ್ರೋಸರ ಮುಖ ಬಿಳಿಚಿತು. ಮೆಲ್ಲಗೆ ಮಂಡಿಯೂರಿದರು. ಅಂಗಿಯ ಕೊರಳಪಟ್ಟಿಯನ್ನು ತಾವೇ ಸರಿಸಿ ಕತ್ತು ಬಾಗಿಸಿದರು.

“ಏನ್ ತಪ್ಪು ಮಾಡ್ದೆ ಅಂತ ಹೇಳಿ ಕಡೀರಪ್ಪ,” ಎಂದರು.

ಒಳ್ಳೆಯ ನಟನೆ ಎಂದುಕೊಂಡು ಜನ ಚಪ್ಪಾಳೆ ತಟ್ಟಿದರು. ರೋಲಂಡ್ ಹಾರ ಹಿಡಿದು ನಿಂತೇ ಇದ್ದ. ಹಾರ ತೆಗೆಯುವುದರ ಬಗ್ಗೆ ಅವರು ಕಲಿಸಿದ್ದು ನಮ್ಮಲ್ಲಿ ಒಬ್ಬರಿಗೂ ನೆನಪಾಗಿರಲಿಲ್ಲ.

ಒಲೆಯ ಕಡೆಯಿಂದ ಗ್ವೆಂಡಾ ಓಡಿಬಂದು ಪಕ್ಕದಲ್ಲೇ ಕುಸಿದು ಕೂತರು.

“ರಾಜರು ಕ್ಷಮಿಸಿದಾರೆ, ಆಂಬ್ರೋಸ್. ತಲೆ ಉಳೀತು. ಏಳು, ಗಂಜಿ ಆರೋಗ್ತಿದೆ.”

“ಹಾರ?”

“ಅದನ್ನ ರಾಜರೇ ಇಟ್ಕೋತಾರಂತೆ.”

ಆಂಬ್ರೋಸ್ ತಮ್ಮ ಬರಿ ಕೊರಳನ್ನು ಮುಟ್ಟಿ ನೋಡಿಕೊಂಡರು.

“ಹಾಗಾದ್ರೆ ಕ್ಷಮಿಸಿಲ್ಲ ಬಿಡು,” ಎಂದರು.

ಗ್ವೆಂಡಾ ತೋಳು ಹಿಡಿದು ಎಬ್ಬಿಸಲು ನೋಡಿದರು. ಆಂಬ್ರೋಸ್ ಬಾಗಿಸಿದ ಕತ್ತು ಎತ್ತಲಿಲ್ಲ.