ಮುಳ್ಳಿನ ನಾಡಿ

ಧೂಳು ಒರೆಸುವಾಗ ಅಕ್ಕನ ಕೈ ರೆಕಾರ್ಡ್ ಪ್ಲೇಯರಿನ ಮುಳ್ಳು ಹೊತ್ತ ತೋಳಿಗೆ ತಗುಲಿತ್ತು. ಅಂದಿನಿಂದ ಎಡಗಡೆಯ ಸ್ಪೀಕರಿಗೆ ಬಾಯೇ ಇಲ್ಲ.

"ಅಪ್ಪನ ಕಾಲದ ಮುಳ್ಳಿನ ಕಾರ್ಟ್ರಿಜ್ ಕೊಂದ್ಬಿಟ್ಟೆಯಲ್ಲಕ್ಕಾ! ಅದರೊಳಗಿನ ತಂತಿ ಸುರುಳಿ ಕೂದಲಿಗಿಂತ ಸಣ್ಣ. ಹರಿದರೆ ಮುಗೀತು," ಎಂದು ಕುರ್ಚಿಯಲ್ಲಿ ಕೂತೇ ತಮ್ಮ ಗುಡುಗಿದ.

"ಸತ್ತಿದೆ ಅಂತ ನಾಡಿ ಹಿಡಿದು ನೋಡಿದ್ಯಾ?"

ಅಕ್ಕನಿಗೆ ತಡೆಯಲಾಗಲಿಲ್ಲ. ಕಾರ್ಟ್ರಿಜ್ಜಿನ ಹಿಂದಿನ ತಂತಿಗಳನ್ನು ಚಿಮಟದಿಂದ ಬಿಡಿಸಿ, ಎಡದ್ದನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಸಿಕ್ಕಿಸಿದಳು. ಎಡದ ಸುರುಳಿ ಹರಿದಿದ್ದರೆ ಈಗ ಬಲಗಡೆ ಸುಮ್ಮನಾಗಬೇಕು. ರೆಕಾರ್ಡಿನ ಮೇಲೆ ಮುಳ್ಳು ಇಳಿಸಿದಳು.

ಬಲಗಡೆ ಹಾಡಿತು. ಎಡಗಡೆಯೇ ಮೂಕ.

"ಜೀವ ಇದೆ ಕಣೋ!" ಎನ್ನುತ್ತಾ ಎಡ ಸ್ಪೀಕರಿನ ತಂತಿಯ ಜಾಡು ಹಿಡಿದು ಹೊರಟಳು. ತಮ್ಮ ಅಂದೇ ಎಳೆದು ತಂದ ಕುರ್ಚಿಯ ಕಾಲಿಗೆ ಸಿಕ್ಕಿ ಅದು ಕಿತ್ತುಬಂದಿತ್ತು.

"ಡಾಕ್ಟ್ರೇ, ಮೊದಲು ಅಲ್ಲಿಂದ ಏಳಪ್ಪ."