ಗೂಬೆಗೆ ತಂದ ಮದ್ದು

ಬಾಗಲಕೋಟೆಯ ಕನ್ನಡ ಸಾಲೆಯ ಮಾಸ್ತರ ರಾಚಯ್ಯನಿಗೆ ಪುಣೆಯಿಂದ ಹಳೆಯ ಕ್ಯಾಮೆರಾ ಕೊಂಡು ತಂದ ಮೇಲೆ ರವಿವಾರ ಮನೆಯಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ಮುಂಜಾನೆಯ ರೈಲಿಗೆ ಬಾದಾಮಿ, ಸ್ಟೇಶನ್ನಿನಿಂದ ಟಾಂಗಾ, ಅಲ್ಲಿಂದ ಕೆಂಪು ಬಂಡೆಗಳ ಕೆಳಗೆ ಹಕ್ಕಿ ಕಾಯುವುದು, ಸಂಜೆಗೆ ಮರಳಿ ಊರು. ಜೊತೆಗೆ ಇಮಾಮಸಾಬ. ಪೇಟೆಯಲ್ಲಿ ಅವನದು ಗಡಿಯಾರ ರಿಪೇರಿ ಅಂಗಡಿ. ಸಾಲೆಯಲ್ಲಿ ಒಂದೇ ತಟ್ಟಿನ ಮೇಲೆ ಕೂತು ಕಲಿತವರು ಇಬ್ಬರೂ. ದುರ್ಬೀನು ಹಿಡಿದು ಹಕ್ಕಿ ಹುಡುಕುವುದು ಇಮಾಮಸಾಬನ ಕೆಲಸ, ಕರಿ ಬಟ್ಟೆಯೊಳಗೆ ತಲೆ ಹಾಕಿ ಗಾಜಿನ ಮೇಲೆ ಚಿತ್ರ ಹಿಡಿಯುವುದು ರಾಚಯ್ಯನದು.

ಆ ಚಳಿಗಾಲದಲ್ಲಿ ಅವರಿಗೆ ಒಂದು ಕೊಂಬಿನ ಗೂಬೆ ಸಿಕ್ಕಿತ್ತು. ಹಗಲೆಲ್ಲ ಬಂಡೆಯ ಬಿರುಕಿನೊಳಗೆ ಅಲ್ಲಾಡದೆ ಕೂತಿರುತ್ತಿತ್ತು. ಆದರೆ ಒಳಗೆ ಕತ್ತಲು. ಎಷ್ಟು ಹೊತ್ತು ಕ್ಯಾಮೆರಾ ತೆರೆದಿಟ್ಟರೂ ಗಾಜಿನ ಮೇಲೆ ಬಂಡೆಯ ಬಿರುಕೇ ಬರುತ್ತಿತ್ತು, ಗೂಬೆ ಬರುತ್ತಿರಲಿಲ್ಲ. ಕಡೆಗೆ ರಾಚಯ್ಯ ಮುಂಬೈಗೆ ಬರೆದು ಬೆಳಕಿನ ಪುಡಿಯ ಡಬ್ಬಿಯೊಂದನ್ನು ತರಿಸಿದ. ಕಡ್ಡಿ ಗೀರಿದರೆ ಭಗ್ಗನೆ ಉರಿದು ಕಣ್ಣು ಕುಕ್ಕುವ ಬೆಳಕು ಕೊಡುವ ಪುಡಿ. ಪಾರ್ಸಲ್ಲು ಇಮಾಮಸಾಬನ ಅಂಗಡಿಗೆ ಬಂತು. ಪುಡಿ ಉರಿಸಲು ಹಿಡಿಕೆಯ ತಗಡಿನ ತಟ್ಟೆಯನ್ನೂ ಅವನೇ ಮಾಡಿಕೊಟ್ಟ.

ಅದು ೧೯೦೯. ಬಂಗಾಲದಲ್ಲಿ ಬಾಂಬು ಸಿಡಿದ ಸುದ್ದಿ ಹಿಂದಿನ ವರ್ಷ ಇಲ್ಲಿಯವರೆಗೂ ಬಂದಿತ್ತು. ಪೊಲೀಸರಿಗೆ ಡಬ್ಬಿ ಕಂಡರೂ ಅನುಮಾನ, ಪುಡಿ ಕಂಡರೂ ಅನುಮಾನ. ಶನಿವಾರ ಸಾಲೆ ಬಿಟ್ಟ ಕೂಡಲೇ ರಾಚಯ್ಯನಿಗೆ ಠಾಣೆಯಿಂದ ಕರೆ ಬಂತು.

ಫೌಜದಾರ ಅಮಸಿದ್ದಪ್ಪ ಮೆತ್ತಗೆ ಕೇಳಿದ: "ಮಾಸ್ತರ, ಮುಂಬೈಲಿಂದ ಒಂದು ಡಬ್ಬಿ ಬಂದೈತಂತ, ಖರೆ ಏನ್ರಿ?"

"ಖರೆ ಸಾಹೇಬ್ರ. ಗೂಬಿ ಫೋಟೋ ತಗಿಯಾಕ."

"ಗೂಬಿ ಫೋಟೋಕ್ಕ ಮದ್ದು ಬೇಕಾಗತೈತೇನ್ರಿ?"

ಕಾನ್‌ಸ್ಟೇಬಲ್ಲುಗಳು ನಕ್ಕರು. ಫೌಜದಾರ ನಗಲಿಲ್ಲ. "ಸೋಮವಾರ ಡಬ್ಬಿ ತಗೊಂಡ ಬರ್ರಿ. ನಮ್ಮ ಮುಂದ ಹಚ್ಚಿ ತೋರಸ್ರಿ. ಅಲ್ಲೀತನಾ ಮುಟ್ಟಬ್ಯಾಡ್ರಿ."

ಮನೆಗೆ ಬರುವ ದಾರಿಯಲ್ಲಿ ರಾಚಯ್ಯನ ತಲೆಯಲ್ಲಿ ಒಂದೇ ಪ್ರಶ್ನೆ. ಡಬ್ಬಿಯ ವಿಷಯ ಫೌಜದಾರನಿಗೆ ಹೇಳಿದವರು ಯಾರು? ಗೊತ್ತಿದ್ದವನು ಒಬ್ಬನೇ, ಇಮಾಮಸಾಬ. ಠಾಣೆಯ ಗೋಡೆ ಗಡಿಯಾರ ಈಚೆಗೆ ಅವನ ಅಂಗಡಿಯಲ್ಲಿ ಬಿಚ್ಚಿಕೊಂಡು ಬಿದ್ದಿದ್ದು ನೆನಪಾಯಿತು. ಅದನ್ನು ತಂದ ಕಾನ್‌ಸ್ಟೇಬಲ್ಲಿಗೆ ಇಮಾಮ ಚಹಾ ಕುಡಿಸಿದ್ದೂ ನೆನಪಾಯಿತು. ಆಗ ಏನೂ ಅನ್ನಿಸದಿದ್ದ ಸಂಗತಿಗಳು ಈಗ ಒಂದೊಂದಾಗಿ ಮುಳ್ಳಾದವು.

ರವಿವಾರ ಪುಡಿಯಿಲ್ಲದೆಯೇ ಇಬ್ಬರೂ ರೈಲು ಹತ್ತಿದರು. ರಾಚಯ್ಯ ಠಾಣೆಯ ಮಾತು ಎತ್ತಲಿಲ್ಲ. ಹೇಳದಿದ್ದರೂ ಇವನಿಗೆ ಗೊತ್ತಿದೆಯೋ ಎಂದು ಗೆಳೆಯನ ಮುಖವನ್ನೇ ನೋಡುತ್ತ ಕೂತ. ಬಾದಾಮಿಯಲ್ಲಿ ಛತ್ರಿ ಹಿಡಿದ ಅಪರಿಚಿತನೊಬ್ಬ ಅವರ ಹಿಂದೆಯೇ ಇಳಿದ, ಬಂಡೆಯ ತನಕವೂ ಹಿಂದೆಯೇ ಬಂದ.

"ಅವ ಯಾರಲೇ, ನಮ್ಮ ಬೆನ್ನ ಹತ್ಯಾನಲ್ಲ?" ಎಂದ ಇಮಾಮಸಾಬ.

"ನಿನಗ ಗೊತ್ತಿರಬೇಕು."

"ನನಗ?"

"ಡಬ್ಬಿ ಸುದ್ದಿ ಫೌಜದಾರಗ ಮುಟ್ಟೇತಿ ಇಮಾಮ. ನೀ ಹೇಳಲಿಲ್ಲಂದ್ರ ಮತ್ತ್ಯಾರು ಹೇಳ್ತಾರ? ಠಾಣೇದ ಗಡಿಯಾರ ನಿನ್ನ ಕೈಗೆ ಹೆಂಗ ಬಂತು?"

ಇಮಾಮಸಾಬ ದುರ್ಬೀನು ಕೆಳಗಿಳಿಸಿದ. "ಕೆಟ್ಟಿತ್ತು, ಬಂತು. ಕೆಟ್ಟ ಗಡಿಯಾರ ನನ್ನ ಅಂಗಡಿಗಿ ಬರದ ನಿನ್ನ ಸಾಲಿಗಿ ಬರ್ತಾವೇನು?" ಆಮೇಲೆ ಕೇಳಿದ, "ಖರೇನ ನಾ ಹೇಳೇನಿ ಅಂತ ಅನಸ್ತೈತೇನು ನಿನಗ?"

ರಾಚಯ್ಯ ಇಲ್ಲ ಎನ್ನದೆ ಛತ್ರಿಯವನ ಕಡೆ ನೋಡಿದ. ಇಮಾಮಸಾಬ ದುರ್ಬೀನನ್ನು ಬಂಡೆಯ ಮೇಲಿಟ್ಟು ಸ್ಟೇಶನ್ನಿನ ಹಾದಿ ಹಿಡಿದ. ಛತ್ರಿಯವನು ಅವನ ಹಿಂದೆ ಹೋಗಲೋ ಇವನ ಬಳಿ ನಿಲ್ಲಲೋ ತಿಳಿಯದೆ ನಡುವೆ ನಿಂತ.

ಸಂಜೆ ಹೆಂಡತಿ ಸಿದ್ದಲಿಂಗವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಇಮಾಮ ಹೀಗೆ ಮಾಡಿದ ಎಂದು ರಾಚಯ್ಯ ಹೇಳುತ್ತಿದ್ದಂತೆ ಅವಳ ಕೈ ನಿಂತಿತು.

"ಇಮಾಮಣ್ಣ ಅಲ್ಲರಿ. ನಾ ಹೇಳೇನಿ."

"ಏನು?"

"ಮಠದಾಗ ಫೌಜದಾರ್ರ ಮನಿಯವ್ರು ನೀಲಾಬಾಯಿ ಸಿಕ್ಕಿದ್ರು. ನಮ್ಮನಿಯವ್ರು ಕೋಣ್ಯಾಗ ಕೆಂಪು ದೀಪಾ ಹಚ್ಚಿ ಬಾಗಲಾ ಹಾಕ್ಕೋತಾರ, ಮುಟ್ಟಿದ್ರ ಬೆಂಕಿ ಹತ್ತತೈತಿ ಅನ್ನೋ ಡಬ್ಬಿ ತಂದಿಟ್ಟಾರ, ಇದು ಏನಿರಬೇಕವ್ವಾ ಅಂತ ಕೇಳಿದೆ."

"ನನ್ನ ಕೇಳಬಾರದೇನು?"

"ಕೇಳಿದ್ನಲ್ಲ! ಗೂಬಿಗೆ ಅಂದ್ರಿ. ಗೂಬಿ ಹೆಸರು ಕೇಳಿದ ಮ್ಯಾಲ ನನಗ ಇನ್ನಷ್ಟು ಅಂಜಿಕಿ ಬಂತು. ನಿಮಗ ಯಾರರ ಏನರ ಮಾಡಿಸ್ಯಾರೇನೋ ಅಂತ."

ಡಬ್ಬಿಯನ್ನು ಮನೆಯಲ್ಲಿಟ್ಟು, ಮುಟ್ಟಬೇಡವೆಂದು ತಾನೇ ಹೆಂಡತಿಗೆ ಹೇಳಿದ್ದರೂ, ರಾಚಯ್ಯ ಅವಳನ್ನು ಗೊತ್ತಿದ್ದವರ ಲೆಕ್ಕಕ್ಕೇ ಹಿಡಿದಿರಲಿಲ್ಲ.

ಮರುದಿನ ಮುಂಜಾನೆ ರಾಚಯ್ಯ ಅಂಗಡಿಗೆ ಹೋದಾಗ ಇಮಾಮಸಾಬ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೆಲಸದಲ್ಲಿದ್ದ. ತಲೆ ಎತ್ತಲಿಲ್ಲ.

"ತಪ್ಪಾತು ಇಮಾಮ. ಹೇಳಿದಾಕಿ ನಮ್ಮನಿಯಾಕಿ. ತಿಳೀದ ಹೇಳ್ಯಾಳ."

"ಹೂಂ."

"ಇವತ್ತ ಠಾಣೇದಾಗ ಪುಡಿ ಹಚ್ಚಿ ತೋರಿಸಬೇಕು. ತಟ್ಟಿ ನೀ ಮಾಡಿದ್ದು. ನೀ ಬಂದ್ರ..."

ಇಮಾಮಸಾಬ ಎದ್ದು ಹಲಗೆ ಹಾಕಿ ಅಂಗಡಿ ಮುಚ್ಚಿದ.

ಠಾಣೆಯ ಕತ್ತಲ ಕೋಣೆಯಲ್ಲಿ ಫೌಜದಾರನನ್ನೇ ಕುರ್ಚಿಯ ಮೇಲೆ ಕೂರಿಸಿದರು. ರಾಚಯ್ಯ ಕ್ಯಾಮೆರಾ ತೆರೆದ, ಇಮಾಮಸಾಬ ತಟ್ಟೆ ಎತ್ತಿ ಕಡ್ಡಿ ತಾಗಿಸಿದ. ಕೋಣೆಯೆಲ್ಲ ಬೆಳ್ಳಗಾಯಿತು. "ಸತ್ತೆವೋ!" ಎಂದು ಒಬ್ಬ ಕಾನ್‌ಸ್ಟೇಬಲ್ ಹೊರಗೋಡಿದ. ಹೊಗೆ ತೆಳ್ಳಗಾದಾಗ ಫೌಜದಾರ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಕುರ್ಚಿಯ ಕೈ ಹಿಡಿದು ಕೂತಿದ್ದ.

"ಮುಗೀತಾ?" ಎಂದ. "ಬರೇ ಬೆಳಕು?"

"ಬರೇ ಬೆಳಕರಿ," ಎಂದ ಇಮಾಮಸಾಬ.

ಡಬ್ಬಿ ಮರಳಿ ಸಿಕ್ಕಿತು. ಅಮಸಿದ್ದಪ್ಪನ ಅನುಮಾನ ಮಾತ್ರ ಪೂರಾ ಹೋಗಲಿಲ್ಲ; ಛತ್ರಿಯವನು ಮುಂದಿನ ರವಿವಾರವೂ ಬಾದಾಮಿಗೆ ಬಂದ. ಅವನ ಕಣ್ಣೆದುರೇ ಬಿರುಕಿನ ಬಾಯಲ್ಲಿ ಪುಡಿ ಉರಿಯಿತು, ಗೂಬೆ ರೆಕ್ಕೆ ಬಡಿದು ಬಂಡೆಯಾಚೆ ಹಾರಿತು. ಮನೆಗೆ ಬಂದು ಕೆಂಪು ದೀಪದಲ್ಲಿ ಗಾಜು ತೊಳೆಯುವಾಗ ರಾಚಯ್ಯ ಸಿದ್ದಲಿಂಗವ್ವನನ್ನೂ ಒಳಗೆ ಕರೆದ. ಕೊಂಬು, ಅಗಲ ಮುಖ, ದುಂಡು ಕಣ್ಣು ನೀರಿನೊಳಗಿಂದ ನಿಧಾನವಾಗಿ ಮೂಡಿದವು. ಅವಳು ಅವನ ತೋಳು ಹಿಡಿದುಕೊಂಡು ಕೊನೆಯ ತನಕ ನೋಡಿದಳು.

ಇಮಾಮಸಾಬ ಆಮೇಲೂ ಪ್ರತಿ ರವಿವಾರ ಬಂದ. ಹಕ್ಕಿ ಹುಡುಕಿದ, ಪೆಟ್ಟಿಗೆ ಹೊತ್ತ, ಬುತ್ತಿ ಹಂಚಿಕೊಂಡ. ಆದರೆ ಸಣ್ಣಂದಿನಿಂದ "ಲೇ ರಾಚ್ಯಾ" ಎನ್ನುತ್ತಿದ್ದವನು ಈಗ ಸ್ಟೇಶನ್ನಿನಲ್ಲಿ ಬೀಳ್ಕೊಳ್ಳುವಾಗ, "ಬರ್ತೇನ್ರಿ ಮಾಸ್ತರ," ಎನ್ನುತ್ತಿದ್ದ. ಹಾಗೆ ಅನ್ನಬೇಡವೆಂದು ರಾಚಯ್ಯ ಎಷ್ಟೋ ಸಲ ಕೇಳಿಕೊಂಡ. ಪ್ರತಿ ಸಲವೂ ಇಮಾಮಸಾಬ, "ಆತ್ರಿ," ಎಂದು ತಲೆಯಾಡಿಸಿ ಹೋದ.